ಬೀಗ ಹಾಕಿದ ಸೈಕಲ್ಲಿಗೆ ಮೂರು ಕ್ಲಾಸು

೧

ಎಲ್ಲಿಂದ ಶುರು ಮಾಡಲಿ? ಸೈಕಲ್ಲಿನಿಂದ ಶುರು ಮಾಡಿದರೆ ಮಕ್ಕಳ ಕಥೆ ಎಂದು ಪುಟ ಮಗುಚುತ್ತೀರಿ. ಸಾವಿನಿಂದ ಶುರು ಮಾಡಿದರೆ ಮುದುಕಿಯ ಗೋಳು ಎಂದು ಪುಸ್ತಕವನ್ನೇ ಮುಚ್ಚುತ್ತೀರಿ. ಆದ್ದರಿಂದ ಬೀಗದಿಂದ. ಬೀಗ ನನ್ನದು. ಸೈಕಲ್ಲು ಹತ್ತು ವರ್ಷದ ಮೊಮ್ಮಗಳದು. ಕೀಲಿಕೈ ನನ್ನ ಪ್ರಾರ್ಥನೆಯ ಪುಸ್ತಕದೊಳಗಿದೆ. ಸುರಕ್ಷಿತವಾಗಿ ಸೈಕಲ್ಲು ಹೊಡೆಯಲು ಕಲಿಸುವ ಒಳ್ಳೆಯ ಕ್ಲಾಸೊಂದನ್ನು ನಾನೇ ಹುಡುಕುತ್ತೇನೆ, ಅದು ಮುಗಿದ ದಿನ ಕೀಲಿಕೈ ಕೊಡುತ್ತೇನೆ ಎಂದು ದೇವರ ಎದುರಿಗೆ ಅವಳಿಗೆ ಮಾತು ಕೊಟ್ಟಿದ್ದೇನೆ.

(ಅವಳ ತಂದೆ, ನನ್ನ ಮಗ, ಸತ್ತದ್ದು ಸೈಕಲ್ಲಿನ ಮೇಲೆ. ನಿಂತಿದ್ದ ಕಾರಿನ ಬಾಗಿಲು ಥಟ್ಟನೆ ತೆರೆದುಕೊಂಡಿತು. ಇಷ್ಟು ಸಾಕು. ಈ ಕಥೆಯಲ್ಲಿ ಅದಕ್ಕೆ ಎರಡು ಕಂಸಗಳ ನಡುವಿನಷ್ಟೇ ಜಾಗ.)

೨

ಮೊದಲನೆಯ ಕ್ಲಾಸು ಮೂರನೆಯ ಮಹಡಿಯ ಸಭಾಂಗಣದಲ್ಲಿ. ನೆಲಕ್ಕೆ ಹೊಸದಾಗಿ ಪಾಲಿಶ್ ಮಾಡಿಸಿದ್ದರಿಂದ ಸೈಕಲ್ಲು ತರುವಂತಿಲ್ಲ. ಇಪ್ಪತ್ತು ಮಕ್ಕಳು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತು, ಕೈಚಾಚಿ, ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಕುರ್ಚಿಗಳು ಇದ್ದಲ್ಲೇ ಇದ್ದವು. ಮೇಷ್ಟ್ರು ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದರು. ಹೇಳಿದೆ. ಇದು ಹೊಸ ಮಾಡೆಲ್ ಎಂದರು. ಕೊನೆಗೆ ಬಣ್ಣದ ಸರ್ಟಿಫಿಕೇಟು: 'ಈ ಮಗು ರಸ್ತೆಗೆ ಸಿದ್ಧ.' ನೀರಿನ ಚಿತ್ರ ತೋರಿಸಿ ಹೊಳೆಗೆ ತಳ್ಳಿದಂತೆ.

ಮನೆಗೆ ಬರುವಾಗ ನನ್ನ ನಡಿಗೆ ಹಗುರವಾಗಿತ್ತು. ಏಕೆಂದು ಆಮೇಲೆ ಹೇಳುತ್ತೇನೆ. ಹೇಳದೆಯೂ ಇರಬಹುದು.

೩

ಎರಡನೆಯದಕ್ಕೆ ಸೇರಬೇಕಾದರೆ, ಮಗು ಸುರಕ್ಷಿತವಾಗಿ ಸವಾರಿ ಮಾಡಬಲ್ಲದು ಎಂಬ ಪತ್ರ ಬೇಕು. ಅಂಥ ಪತ್ರ ಕೊಡುವವರು ಯಾರು ಎಂದು ಫೋನಿನಲ್ಲಿ ಕೇಳಿದೆ.

"ನಾವೇ ಕೊಡ್ತೀವಮ್ಮ, ಕ್ಲಾಸ್ ಮುಗಿದ ಮೇಲೆ," ಎಂದಳು ಆಫೀಸಿನವಳು, ಬಹಳ ವಿನಯದಿಂದ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಗಾದೆ ಮಾಡಿದ ಪುಣ್ಯಾತ್ಮ ಈ ಆಫೀಸಿಗೆ ಫೋನ್ ಮಾಡಿಯೇ ಮಾಡಿರಬೇಕು.

೪

ಮೂರನೆಯ ಕ್ಲಾಸು ಮುಚ್ಚಿಹೋಗಿತ್ತು. ಬಾಗಿಲಿಗೆ ಜೇಡ ಬಲೆ ನೇಯ್ದಿತ್ತು. ಯೋಗ್ಯವಾದ ಕ್ಲಾಸು ಜಗತ್ತಿನಲ್ಲೇ ಇಲ್ಲ. ಮುದುಕಿ ಕೈಲಾದುದನ್ನೆಲ್ಲ ಮಾಡಿದಳು. ಮುಗಿಯಿತು.

೫

ನಾಲ್ಕನೆಯ ಭಾಗವನ್ನು ಮೊಮ್ಮಗಳು ಪೆನ್ಸಿಲ್ಲಿನಿಂದ ಹೊಡೆದುಹಾಕಿದ್ದಾಳೆ. ಬರೆದದ್ದನ್ನು ಊಟದ ಮೇಜಿನ ಮೇಲೆ ಬಿಡಬಾರದು.

"ಸುಳ್ಳು ಬರ್ದಿದ್ದೀಯ ಅಜ್ಜಿ. ಆ ಕ್ಲಾಸಿಗೆ ಏಳು ಶನಿವಾರ ಹೋಗಿದ್ದೀವಿ."

ಕಥೆಯಲ್ಲಿ ಸುಳ್ಳು ನಡೆಯುತ್ತದೆ ಎಂದೆ.

"ದಿನಾ ಪ್ರಾರ್ಥನೆ ಮಾಡ್ತೀಯಲ್ಲ, ಒಳ್ಳೇ ಕ್ಲಾಸ್ ಸಿಗಬಾರದು ಅಂತ ತಾನೇ ಬೇಡ್ಕೊಂಡಿದ್ದು?"

(ಪಾತ್ರಗಳಿಗೆ ಓದು ಕಲಿಸಿದರೆ ಹೀಗೇ. ಆ ದಿನ ನನ್ನ ನಡಿಗೆ ಹಗುರವಾಗಿದ್ದುದೂ ಅದಕ್ಕೇ.)

೬

ಸರಿ, ಮೂರನೆಯ ಕ್ಲಾಸು ತೆರೆದೇ ಇತ್ತು. ಸೈಕಲ್ಲು ರಿಪೇರಿ ಮಾಡುವ ಹೆಂಗಸೊಬ್ಬಳು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ, ತನ್ನ ಹಳೆಯ ಸೈಕಲ್ಲುಗಳ ಮೇಲೆಯೇ ಕಲಿಸುತ್ತಿದ್ದಳು. ಬೋರ್ಡಿಲ್ಲ, ಸರ್ಟಿಫಿಕೇಟಿಲ್ಲ, ಉಗುರಿನ ತುಂಬ ಗ್ರೀಸು. ತಪ್ಪು ಹುಡುಕಲೆಂದೇ ಬೆಂಚಿನ ಮೇಲೆ ಕುಳಿತೆ. ಬ್ರೇಕು ಪರೀಕ್ಷಿಸುವುದನ್ನು ಕಲಿಸಿದಳು, ಹೆಗಲ ಮೇಲಿಂದ ಹಿಂದೆ ನೋಡುವುದನ್ನು ಕಲಿಸಿದಳು. ಕೊನೆಯ ಶನಿವಾರ ಹಳೆಯ ಕಾರೊಂದನ್ನು ನಿಲ್ಲಿಸಿ, ಅದರ ಬಾಗಿಲನ್ನು ಪೂರ್ತಿ ತೆರೆದು, ಬಾಗಿಲಿನ ತುದಿಯಿಂದಾಚೆಗೆ ಸುಣ್ಣದ ಗೆರೆ ಎಳೆದು, ಬಾಗಿಲನ್ನು ಮತ್ತೆ ಮುಚ್ಚಿದಳು.

"ಈ ಗೆರೆ ಒಳಗೆ ಬರ್ಬೇಡಿ. ಹಿಂದೆ ಹಾರ್ನ್ ಹೊಡೀಲಿ, ಬೈಲಿ. ನಿಮ್ಮ ದಾರಿ ಇದೇ."

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಪ್ರತಿ ಸಲವೂ ಬಾಗಿಲು ತೆರೆದುಕೊಂಡಿತು. ನಾನು ಕಣ್ಣು ಮುಚ್ಚಿದೆ. ಬಿಟ್ಟಾಗ ಮೊಮ್ಮಗಳು ಗೆರೆಯ ಆಚೆಯಿಂದ ಹಾದುಹೋಗಿದ್ದಳು.

ಒಂದು ಸುಣ್ಣದ ಗೆರೆ. ನನ್ನ ಮಗನಿಗೆ ಸೈಕಲ್ಲು ಕಲಿಸಿದವಳು ನಾನು. ಸೀಟು ಹಿಡಿದು ಹಿಂದೆ ಓಡುತ್ತಾ, ಅಂಚಿನಲ್ಲೇ ಹೋಗು ಮಗನೇ, ನಿಂತ ಗಾಡಿಗಳಿಗೆ ಒತ್ತಿಕೊಂಡೇ ಹೋಗು ಎಂದು ಕಲಿಸಿದ್ದೆ. ಹೇಳಿದ ಮಾತು ಮೀರದ ಹುಡುಗ ಅವನು.

(ಹೆಲ್ಮೆಟ್ಟಿನ ಮೇಷ್ಟ್ರನ್ನು ಎಷ್ಟು ಹಳಿದೆ, ನೋಡಿದಿರಲ್ಲ.)

೭

ಕೊನೆಗಳು. ಒಂದು, ಕೀಲಿಕೈ ಕೊಡುತ್ತೇನೆ, ಅವಳು ಗಾಳಿಯಲ್ಲಿ ಕೂದಲು ಹಾರಿಸುತ್ತಾ ಹೋಗುತ್ತಾಳೆ. (ಸೋಪಿನ ಜಾಹೀರಾತು.) ಎರಡು, ಕೀಲಿಕೈ ಕಳೆದುಹೋಗುತ್ತದೆ. (ಹೇಡಿತನ.) ಮೂರು, ದೇವರು ಸೂಚನೆ ಕೊಡುತ್ತಾನೆ. (ಏಳು ಶನಿವಾರ ಕೊಟ್ಟ. ಇನ್ನೆಷ್ಟು ಕೊಡಬೇಕು?)

ಹೆಲ್ಮೆಟ್ಟನ್ನು ಸರಿಯಾಗಿಯೇ ಹಾಕಿಕೊಂಡು ಅವಳು ಹೊರಗೆ ಸೈಕಲ್ಲಿನ ಪಕ್ಕ ನಿಂತಿದ್ದಾಳೆ. ಕಥೆ ಮುಗಿಸಿದರೆ ನಾನು ಏಳಬೇಕು. ಆದ್ದರಿಂದ ಮುಗಿಸುವುದಿಲ್ಲ. ಬೆಲ್ಲು ಬಾರಿಸಿದಳು. ಇನ್ನೊಂದು ವಾಕ್ಯ ಬರೆಯುತ್ತೇನೆ. ಪ್ರಾರ್ಥನೆಯ ಪುಸ್ತಕ ತೆರೆದಿದೆ, ಪುಟದ ಮೇಲೆ ಕೀಲಿಕೈಯ ಆಕಾರದಲ್ಲೇ ತುಕ್ಕು ಹತ್ತಿದೆ. ಮತ್ತೆ ಬೆಲ್ಲು.

ಬಂದೆ ತಾಯಿ. ಇದೊಂದು ವಾಕ್ಯ.