ತಿಪ್ಪಕ್ಕನ ಹಾಡಿನ ಪುಸ್ತಕ

ಹಿರಿಯೂರಿನ ಗ್ರಂಥಾಲಯದಲ್ಲಿ ಅನುಸೂಯ ಇಪ್ಪತ್ತು ವರ್ಷ ಕೆಲಸ ಮಾಡಿದ್ದಳು. ಓದು ಬಾರದವರು ಪುಸ್ತಕ ಕೇಳಿಕೊಂಡು ಬಂದದ್ದು ಅದೇ ಮೊದಲು. ಬಬ್ಬೂರಿನ ಕಡೆ ಕೂಲಿ ಮಾಡುವ ದುರುಗಕ್ಕ, ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

ನಲವತ್ತು ವರ್ಷದ ಹಿಂದೆ ಮೇಷ್ಟ್ರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದು, ಅವಳ ತಾಯಿ ತಿಪ್ಪಕ್ಕನಿಂದ ಎಂಟು ದಿನ ಸೋಬಾನೆ ಪದ ಹಾಡಿಸಿಕೊಂಡಿದ್ದರು. ಅವರ ಮನೆಯಲ್ಲೇ ಉಂಡು, ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತದೆ ಎಂದು ಹೇಳಿ ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಸಾಯುವವರೆಗೂ ತಿಪ್ಪಕ್ಕ ಆ ಪುಸ್ತಕ ಬಂತೇ ಎಂದು ಕೇಳುತ್ತಲೇ ಇದ್ದಳು.

ಜಿಲ್ಲೆಯಲ್ಲಿ ಎಲ್ಲೂ ಪ್ರತಿ ಇರಲಿಲ್ಲ. ದೇಶದ ಗ್ರಂಥಾಲಯಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಿದಾಗ ಕೋಲ್ಕತ್ತದಲ್ಲೊಂದು ಸಿಕ್ಕಿತು. ಅವರು ಎರವಲು ಕೊಡುವುದು ದೊಡ್ಡ ಗ್ರಂಥಾಲಯಗಳಿಗೆ ಮಾತ್ರ. ಹಾಗಾಗಿ ಅರ್ಜಿ ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯದ ಮೂಲಕ ಹೋಗಬೇಕಾಯಿತು. ಎರಡು ಸಲ ವಾಪಸ್ ಬಂತು. ಮೂರನೆಯ ಸಲ ಅನುಸೂಯ, ಓದುಗರ ಉದ್ಯೋಗ ಎಂಬಲ್ಲಿ 'ಕೂಲಿ' ತೆಗೆದು 'ಸಂಶೋಧನೆ' ಎಂದು ಬರೆದಳು. ನಾಲ್ಕು ತಿಂಗಳಿಗೆ ಚಿತ್ರದುರ್ಗಕ್ಕೆ ಪಾರ್ಸೆಲ್ ಬಂತು. ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಕೂತು ಓದಬೇಕು.

ದುರುಗಕ್ಕ ಒಂದು ದಿನದ ಕೂಲಿ ಬಿಟ್ಟು, ಮದುವೆಗೆ ಉಡುವ ಸೀರೆ ಉಟ್ಟು ಬಸ್ ಹತ್ತಿದಳು. ಚಿತ್ರದುರ್ಗದಲ್ಲಿ ಅನುಸೂಯ ಓದತೊಡಗಿದಾಗ ಕಣ್ಣು ಮುಚ್ಚಿ ಜೊತೆಗೇ ಗುನುಗಿದಳು. ಅರವತ್ತೆರಡು ಪದ, ಎಲ್ಲವೂ ತಿಪ್ಪಕ್ಕನವೇ.

"ಅವ್ವನ ಹೆಸ್ರು ಎಲ್ಲೈತೆ ಮೇಡಂ?"

ಅನುಸೂಯ ಮುನ್ನುಡಿಯನ್ನು ಆಗಲೇ ನೋಡಿದ್ದಳು. ಜೀಪು ಕೊಟ್ಟವರಿಗೆ, ಕರಡು ತಿದ್ದಿದವರಿಗೆ, ಮೇಷ್ಟ್ರ ಹೆಂಡತಿಗೆ ಕೃತಜ್ಞತೆ ಇತ್ತು. ತಿಪ್ಪಕ್ಕ ಎಲ್ಲೂ ಇರಲಿಲ್ಲ. ಎದುರಿನ ಮುಖ ನೋಡಿ ಅವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೊದಲ ಪುಟದ ದಪ್ಪಕ್ಷರದ ಮೇಲೆ ಬೆರಳಿಟ್ಟಳು. ಅದು ಮೇಷ್ಟ್ರ ಹೆಸರು.

ದುರುಗಕ್ಕ ಆ ಅಕ್ಷರಗಳನ್ನು ಸವರಿ, ಬಗ್ಗಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಲ್ಲಿನ ಗ್ರಂಥಪಾಲಕ ಲಕ್ಷ್ಮೀಕಾಂತ್ ಅದನ್ನು ಕಂಡು ಮನಸ್ಸು ಕರಗಿ, ಕೇಳದೆಯೇ ಆ ಪುಟದ ಜೆರಾಕ್ಸ್ ತೆಗೆದುಕೊಟ್ಟ. ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ ಎಂದಳು ದುರುಗಕ್ಕ.

ಗೋಡೆಯ ಮೇಲಿದ್ದರೆ ಅಕ್ಷರ ಬಲ್ಲ ಯಾರಾದರೂ ಒಂದು ದಿನ ಓದಿಯೇ ಓದುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಅನುಸೂಯ ನಿಜ ಹೇಳಿದಳು.

ದುರುಗಕ್ಕ ಕಾಗದವನ್ನು ಮಡಿಸಿದಳು.

"ಹೆಸ್ರು ಇಲ್ಲ ಅಂದಿದ್ರೆ ಅತ್ತು ಸುಮ್ಕಾಗ್ತಿದ್ದೆ. ಅವನ ಹೆಸ್ರನ್ನ ಕಣ್ಣಿಗೆ ಒತ್ಕಳಂಗೆ ಮಾಡಿದ್ರಲ್ಲ."

ಕಾಗದವನ್ನು ಅನುಸೂಯಳ ಕೈಗಿಟ್ಟು ಬಸ್ ಹತ್ತಿ, ಬೇರೆ ಹೆಂಗಸಿನ ಪಕ್ಕ ಕೂತಳು. ಆಮೇಲೆ ಗ್ರಂಥಾಲಯದ ಕಡೆ ಬರಲಿಲ್ಲ.

ಹದಿನೈದನೆಯ ದಿನ ಪುಸ್ತಕ ಕೋಲ್ಕತ್ತಕ್ಕೆ ಹಿಂತಿರುಗಿತು. ಜೊತೆಗೆ ಕಳಿಸುವ ನಮೂನೆಯಲ್ಲಿ, ಓದುಗರ ಉದ್ದೇಶ ಈಡೇರಿತೇ ಎಂಬ ಪ್ರಶ್ನೆಯಿತ್ತು. ಖಾಲಿ ಬಿಟ್ಟರೆ ಮುಂದಿನ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅನುಸೂಯ 'ಹೌದು' ಎಂದು ಬರೆದು ಸಹಿ ಹಾಕಿದಳು.