ತಟ್ಟೆಯ ಕೆಳಗೆ

"ಬಿಡ್ಬೇಡ ಗ್ಲಾಶಾ, ಹಿಡ್ಕೊಂಡಿರು!" ಎಂದು ಗೋಡೆಯ ಫೋನಿನೊಳಗಿಂದ ಸಹೋದ್ಯೋಗಿ ಕಪಿತೊನಿಚ್ ಕೂಗಿದಾಗ ಗ್ಲಾಫಿರಾ ಏನನ್ನೂ ಬಿಟ್ಟಿರಲಿಲ್ಲ. ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ನಿಂತಿದ್ದಳು. ತಲೆಯ ಮೇಲೆ ಹನ್ನೆರಡು ಮೀಟರ್ ಅಗಲದ ಆಂಟೆನಾ ತಟ್ಟೆ ಗಾಳಿಯ ಹೊಡೆತಕ್ಕೆ ನರಳುತ್ತಿತ್ತು.

"ಹಿಡಿದೇ ಇದೀನಿ. ಕಿರುಚ್ಬೇಡಿ, ಕಿವಿ ಹೋಗುತ್ತೆ."

"ಎಡಕ್ಕೆ ಎರಡು ಸುತ್ತು. ಆಂ, ಸಾಕು. ಮುಳ್ಳು ಮೇಲೆ ಬಂತು."

ಆ ದಿನ ಉಸ್ತ್-ಸೆರ್ಗಾದ ಟೀವಿ ಕೇಂದ್ರದಲ್ಲಿ ಚಳಿ ಸೊನ್ನೆಗಿಂತ ಐವತ್ತೆರಡು ಡಿಗ್ರಿ ಕೆಳಗಿತ್ತು. ಹಲ್ಲುಗಾಲಿಗಳ ಎಣ್ಣೆ ಮೇಣವಾಗಿ ಹೆಪ್ಪುಗಟ್ಟಿ, ತಟ್ಟೆ ತಿರುಗಿಸುವ ಮೋಟಾರು ಸುಟ್ಟುಹೋಗಿತ್ತು. ಹೊಸದನ್ನು ತರಲು ಗಣಿಯ ಗ್ಯಾರೇಜಿಗೆ ಹೋದ ಮೆಕ್ಯಾನಿಕ್ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡಿದ್ದ. ಆದರೆ ಮೊಲ್ನಿಯಾ ಉಪಗ್ರಹಕ್ಕೆ ನಮ್ಮ ಕಷ್ಟ ಗೊತ್ತಿಲ್ಲವಲ್ಲ. ಅದು ಆಕಾಶದಲ್ಲಿ ತನ್ನ ಪಾಡಿಗೆ ಸರಿಯುತ್ತಿರುತ್ತದೆ, ತಟ್ಟೆ ಅದರ ಬೆನ್ನು ಹಿಡಿದಿರಬೇಕು. ತಪ್ಪಿದರೆ ಮಾಸ್ಕೋದಿಂದ ಬರುವ ಚಿತ್ರ ಹೋಗಿ, ಊರಿನ ಅಷ್ಟೂ ಟೀವಿಗಳಲ್ಲಿ ಬರೀ ಚುಕ್ಕಿ ಕುಣಿಯುತ್ತದೆ. ಬ್ರೇಕೂ ಜಾರುತ್ತಿದ್ದುದರಿಂದ ಒಬ್ಬರು ಮೇಲೆ ನಿಂತು ಹಿಡಿಕೆಯನ್ನು ಹಿಡಿದೇ ಇರಬೇಕಾಗಿತ್ತು. ಇನ್ನೊಬ್ಬರು ಕೆಳಗೆ ಬೆಚ್ಚಗಿನ ಕೋಣೆಯಲ್ಲಿ ಮಾಪಕ ನೋಡಿ ಸುತ್ತು ಹೇಳಬೇಕಾಗಿತ್ತು.

ಆ ಕೆಳಗಿನ ಕೋಣೆಯಲ್ಲೇ ಟೀವಿ ಇದ್ದದ್ದು.

ಗ್ಲಾಫಿರಾ ಮೂರು ವಾರದಿಂದ ಈ ಭಾನುವಾರಕ್ಕೆ ಕಾದಿದ್ದಳು. ಯುದ್ಧದಲ್ಲಿ ಕಳೆದುಹೋದವರನ್ನು ಹುಡುಕುವ ಕಾರ್ಯಕ್ರಮದವರು ಅವಳಿಗೆ ಪತ್ರ ಬರೆದಿದ್ದರು: "ಮಾಸ್ಕೋ ಸಮಯ ಹನ್ನೊಂದು ಗಂಟೆಗೆ ರೊಸ್ತೋವಿನ ಒಬ್ಬ ಬಡಗಿ ಮಾತಾಡುತ್ತಾರೆ. ವೆನ್ಯಾ ಎಂಬ ಹೆಸರು ಬಿಟ್ಟರೆ ಅವರಿಗೆ ತಮ್ಮ ಬಗ್ಗೆ ಹೆಚ್ಚೇನೂ ಗೊತ್ತಿಲ್ಲ. ನೋಡಿ, ಗುರುತು ಸಿಕ್ಕರೆ ತಿಳಿಸಿ." ಕಳೆದುಹೋದ ಅವಳ ತಮ್ಮನ ಹೆಸರೂ ವೆನ್ಯಾ. ಹಿಂದೆ ಇಬ್ಬರು ವೆನ್ಯಾಗಳು ಹೀಗೇ ಬಂದು ಹೋಗಿದ್ದರು. ಒಬ್ಬನಿಗೆ ಅವನ ಸ್ವಂತ ತಾಯಿಯೇ ಸಿಕ್ಕಿದಳು. ಇನ್ನೊಬ್ಬನ ಫೋಟೋ ನೋಡಿದ ಕೂಡಲೇ ಗ್ಲಾಫಿರಾ ಅದನ್ನು ಮಡಚಿ ಲಕೋಟೆಗೆ ಹಾಕಿದ್ದಳು. "ನಮ್ಮ ವೆನ್ಯಾನದು ಅಮ್ಮನ ಕಣ್ಣು. ಕಣ್ಣು ನೋಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ" ಎನ್ನುತ್ತಿದ್ದಳು. ಆಸೆ ಪಟ್ಟುಪಟ್ಟು ಅವಳಿಗೆ ಸಾಕಾಗಿತ್ತು. ಆದರೂ ಭಾನುವಾರಕ್ಕೆಂದು ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದಳು, ಟೀವಿಯಲ್ಲಿ ಕೂತವನಿಗೆ ತಾನು ಕಾಣುವುದಿಲ್ಲವೆಂದು ಗೊತ್ತಿದ್ದೂ.

"ನಾನು ಮೇಲೆ ಹೋಗ್ತೀನಿ, ನೀನು ಕೂತು ನೋಡು" ಎಂದು ಕಪಿತೊನಿಚ್ ಕೋಟು ಹಾಕಿಕೊಂಡು ಏಣಿಯ ಮೂರು ಮೆಟ್ಟಿಲು ಹತ್ತಿದ್ದ. ಹೋದ ಶರತ್ಕಾಲದಲ್ಲಿ ಅವನಿಗೆ ಹೃದಯಾಘಾತವಾಗಿತ್ತು. ಮೂರನೇ ಮೆಟ್ಟಿಲಿಗೇ ತುಟಿ ನೀಲಿಗಟ್ಟಿತು. ಗ್ಲಾಫಿರಾ ಅವನ ಕೋಟಿನ ಬಾಲ ಹಿಡಿದು ಕೆಳಗೆಳೆದಳು.

"ಇಳೀರಿ. ಮೇಲೆ ಸತ್ತುಬಿದ್ರೆ ನಿಮ್ಮನ್ನ ಹೊರೋರು ಯಾರು? ಎತ್ತಿನ ತೂಕ ಇದೀರಿ."

"ಹಾಗಾದ್ರೆ ಇವತ್ತೊಂದು ದಿನ ಚಿತ್ರ ಹೋಗ್ಲಿ ಬಿಡು."

"ಹೋದ್ರೆ ನಂಗೂ ಹೋದ ಹಾಗೇ ತಾನೆ? ಕ್ಯಾಮೆರಾ ತಂದಿದೀರಲ್ಲ, ಫೋಟೋ ಹಿಡೀರಿ. ಮುಖ ಚೆನ್ನಾಗಿ ಬರ್ಬೇಕು."

ಈಗ ಅವಳು ಮೇಲೆ, ಅವನು ಕೆಳಗೆ. ಮಾಸ್ಕೋ ಸಮಯ ತೋರಿಸುವ ಕೇಂದ್ರದ ಗಡಿಯಾರದಲ್ಲಿ ಬೆಳಗಿನ ಹನ್ನೊಂದಾಗಿ ಹತ್ತು ನಿಮಿಷ. ಇಲ್ಲಿ ಆಗಲೇ ಸಂಜೆಯಾಗಿತ್ತು, ಹೊರಗೆ ಊರಿನವರು ರಾತ್ರಿಯೂಟಕ್ಕೆ ಪೆಲ್ಮೆನಿ ಎಂಬ ಮಾಂಸದ ಕಡುಬು ಬೇಯಿಸುತ್ತಿದ್ದರು.

"ಬಂದ, ಬಂದ! ಕೂತ್ಕೊಂಡ" ಎಂದ ಕಪಿತೊನಿಚ್.

"ಹೇಗಿದಾನೆ?"

"ಹೇಗಿದಾನೆ ಅಂದ್ರೆ... ಮನುಷ್ಯನ ಹಾಗಿದಾನೆ. ಮೂಗು ಮೂಗಿನ ಜಾಗದಲ್ಲೇ ಇದೆ. ಬಲಕ್ಕೆ ಒಂದು ಸುತ್ತು. ತಲೆ ಸ್ವಲ್ಪ ಬೋಳು."

"ಕಣ್ಣು?"

"ಎರಡಿವೆ. ಅಯ್ಯೋ ತಾಯಿ, ನಂಗೆ ನಿಮ್ಮಮ್ಮನ ಕಣ್ಣು ಏನು ಗೊತ್ತು! ತಡಿ, ಫೋಟೋ ಹೊಡೀತೀನಿ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವನ ಧ್ವನಿ: "ಗ್ಲಾಶಾ, ಈಗ ಗಾಳಿ ನಿಂತಿದೆ. ಓಡಿ ಬಾ. ಎರಡು ನಿಮಿಷ. ಎರಡು ನಿಮಿಷಕ್ಕೆ ಏನಾಗುತ್ತೆ?"

ಎರಡು ನಿಮಿಷಕ್ಕೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಲವತ್ತೆರಡನೇ ಇಸವಿಯ ಚಳಿಗಾಲ, ಅವಳಿಗೆ ಒಂಬತ್ತು ವರ್ಷ, ವೆನ್ಯಾನಿಗೆ ಮೂರು. ಹೆಸರೂ ಗೊತ್ತಿಲ್ಲದ ಒಂದು ಸ್ಟೇಷನ್ನಿನಲ್ಲಿ ಅವನನ್ನು ರೈಲಿನಲ್ಲೇ ಬಿಟ್ಟು, ಬಿಸಿನೀರು ತರಲು ಕೆಟಲ್ ಹಿಡಿದು ಇಳಿದಿದ್ದಳು. ತಿರುಗಿ ಬರುವಷ್ಟರಲ್ಲಿ ಹಳಿ ಖಾಲಿಯಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಾರ್ಯಕ್ರಮದವರಿಗೆ ಬರೆದ ಪತ್ರದಲ್ಲೂ ಬಾಂಬ್ ದಾಳಿಯಲ್ಲಿ ಬೇರೆಯಾದೆವು ಎಂದೇ ಬರೆದಿದ್ದಳು. ನಾಚಿಕೆಯಾಗಿತ್ತು.

"ಬರಲ್ಲ. ಏನು ಹೇಳ್ತಿದಾನೆ ಅದು ಹೇಳಿ" ಎಂದಳು ಕೊನೆಗೆ.

ಕಪಿತೊನಿಚ್ ಫೋನನ್ನು ಟೀವಿಯ ಬಳಿ ಹಿಡಿದಿರಬೇಕು. ಗರಗರ ಸದ್ದಿನಲ್ಲಿ ಗಂಡಸಿನ ಗೊಗ್ಗರು ದನಿ ಕೇಳಿತು, ಮಾತು ತಿಳಿಯಲಿಲ್ಲ. ಮತ್ತೆ ಗಾಳಿ ಎದ್ದು ಹಿಡಿಕೆ ಅವಳ ಪಕ್ಕೆಗೆ ಗುದ್ದಿತು. ಬಲವೆಲ್ಲ ಹಾಕಿ ಹಿಡಿದಳು.

"ಹೇಳ್ತಾನೆ ಗ್ಲಾಶಾ, ರೈಲಲ್ಲಿದ್ನಂತೆ. ಅಕ್ಕ ಇದ್ಲಂತೆ. ನೀರು ತರೋಕೆ ಹೋದ್ಲಂತೆ." ಕಪಿತೊನಿಚ್‌ನ ದನಿ ಒಡೆಯಿತು. "'ನಾನು ಬರೋವರೆಗೂ ಅಲ್ಲಾಡ್ಬೇಡ ಅಂದಿದ್ಲು. ನಾನು ಅಲ್ಲಾಡ್ಲಿಲ್ಲ' ಅಂತಾನೆ. ಯಾರೋ ಎತ್ಕೊಂಡು ಹೋಗೋಕೆ ಬಂದ್ರೆ ಬೆಂಚು ಕಚ್ಚಿ ಹಿಡ್ಕೊಂಡಿದ್ನಂತೆ."

"ಎಡಕ್ಕೋ ಬಲಕ್ಕೋ?" ಎಂದಳು ಗ್ಲಾಫಿರಾ.

"ಏನು?"

"ಸುತ್ತು. ಎಡಕ್ಕೋ ಬಲಕ್ಕೋ, ಬೇಗ ಹೇಳಿ!"

"ಎಡಕ್ಕೆ, ಎಡಕ್ಕೆ. ಮೂರು."

ಅವಳು ಮೂರು ಸುತ್ತು ತಿರುಗಿಸಿದಳು. ಆ ವರ್ಷ ಎಷ್ಟು ಸ್ಟೇಷನ್ನುಗಳಲ್ಲಿ ಎಷ್ಟು ಅಕ್ಕಂದಿರು ನೀರು ತರಲು ಇಳಿದಿರಲಿಲ್ಲ! ನಂಬಬಾರದು, ಕಣ್ಣು ನೋಡುವ ತನಕ ನಂಬಬಾರದು ಎಂದುಕೊಂಡಳು. ರೆಪ್ಪೆಗಳು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿದ್ದವು. ಒಂದೊಂದೇ ಕೈ ಬಿಟ್ಟು, ಕೈಗವಸಿನೊಳಗೆ ಹೆಬ್ಬೆರಳನ್ನು ಮುಷ್ಟಿಯೊಳಕ್ಕೆ ಮಡಚಿ ಬೆಚ್ಚಗೆ ಮಾಡಿಕೊಂಡಳು. ಹೆಬ್ಬೆರಳು ಒಳಗಿದ್ದರೆ ಚಳಿ ಕಚ್ಚುವುದಿಲ್ಲ. ಅಮ್ಮ ಅವಳಿಗೆ ಕಲಿಸಿದ್ದಳು, ಅವಳು ರೈಲಿನಲ್ಲಿ ವೆನ್ಯಾನಿಗೆ ಕಲಿಸಿದ್ದಳು.

ಕೊನೆಗೂ ಬಂದ ಮೆಕ್ಯಾನಿಕ್‌ನ ಕೈಗೆ ಹಿಡಿಕೆ ಕೊಟ್ಟು ಅವಳು ಕೆಳಗಿಳಿಯುವಾಗ, ಬಡಗಿಯ ಸರದಿ ಮುಗಿದು ಟೀವಿಯಲ್ಲಿ ಯಾರೋ ಅಕಾರ್ಡಿಯನ್ ನುಡಿಸುತ್ತಿದ್ದರು. ಕಪಿತೊನಿಚ್ ಚಹಾ ಸುರಿದು ಅವಳ ಮುಂದಿಟ್ಟ.

ಮಾರನೇ ದಿನ ಮಧ್ಯಾಹ್ನ ಅವನು ಫೋಟೋಗಳನ್ನು ತಂದ. ಬಚ್ಚಲಲ್ಲಿ ತೊಳೆದಿದ್ದು, ಇನ್ನೂ ಒದ್ದೆಯಿದ್ದವು. ಮೇಜಿನ ಮೇಲಿಡದೆ ಎದೆಗೆ ಒತ್ತಿಕೊಂಡು ನಿಂತ.

"ಬೈದ್ಬಿಡು ಗ್ಲಾಶಾ. ಗಾಬರಿಯಲ್ಲಿ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕಿಟ್ಟು ಹೊಡ್ದಿದೀನಿ. ಎಲ್ಲಾ ಆರೂ."

ಟೀವಿ ಪರದೆಯ ಫೋಟೋ ಹಿಡಿಯುವಾಗ ಕ್ಯಾಮೆರಾದ ಕಣ್ಣು ನಿಧಾನಕ್ಕೆ ಮುಚ್ಚಬೇಕು, ಅವಸರವಾದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ನಮ್ಮೂರಿನಲ್ಲಿ ಹಾಕಿ ಪಂದ್ಯದ, ಗಗನಯಾತ್ರಿಗಳ ಫೋಟೋ ಹಿಡಿಯುವವರಿಗೆಲ್ಲ ಇದನ್ನು ಹೇಳಿಕೊಟ್ಟವನೇ ಕಪಿತೊನಿಚ್.

ಗ್ಲಾಫಿರಾ ಕೈ ಚಾಚಿದಳು. ಮೊದಲನೆಯದರಲ್ಲಿ ಹಣೆಯಿಂದ ಮೂಗಿನವರೆಗೆ ಕಪ್ಪು. ಎರಡನೆಯದರಲ್ಲಿ ಮುಖವೇ ಇಲ್ಲ. ಮೂರು, ನಾಲ್ಕು, ಐದು. ಒಂದರಲ್ಲೂ ಕಣ್ಣಿರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಬರೀ ಕೂರಬೇಕೆನಿಸಿತು, ಕೂತಳು.

"ಸ್ಟುಡಿಯೋಗೆ ಬರೆದು ಒಳ್ಳೇ ಫೋಟೋ ತರಿಸೋಣ. ನಾನೇ ಬರೀತೀನಿ. ತಪ್ಪು ನಂದು ಅಂತಾನೇ ಬರೀತೀನಿ" ಎಂದ ಕಪಿತೊನಿಚ್.

ಅವಳು ಕೇಳಿಸಿಕೊಳ್ಳಲಿಲ್ಲ. ಆರನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಅದರಲ್ಲೂ ಪಟ್ಟಿ ಕಣ್ಣುಗಳನ್ನು ನುಂಗಿತ್ತು. ಕೆಳಗೆ ಗಲ್ಲ, ಬಿಗಿಯಾದ ಟೈ, ಕುರ್ಚಿಯ ತೋಳು. ಅದಕ್ಕೂ ಕೆಳಗೆ, ಅಂಚಿನಲ್ಲಿ, ಮೊಣಕಾಲಿನ ಮೇಲೆ ಊರಿದ ಒಂದು ಮುಷ್ಟಿ. ಹೆಬ್ಬೆರಳು ಒಳಗಿತ್ತು.