ಸೋದರಮಾವನ ತೊಡೆ

ಶಾಲಿನ ಪ್ಲಾಸ್ಟಿಕ್ ಕವರು ಅಂಗೈಯ ಬೆವರಿಗೆ ಅಂಟುತ್ತಿದೆ, ಹನ್ನೊಂದಾಯಿತು, ಪಕ್ಷದ ಜಿಲ್ಲಾ ಕಾರ್ಯದರ್ಶಿಯ ಕಾರು ಕೃಷ್ಣಗಿರಿ ಬಿಟ್ಟಿದೆಯೋ ಇಲ್ಲವೋ, ಸೂಳಗಿರಿಯ ಈ ಮಂಟಪದ ಬಾಗಿಲಲ್ಲಿ ವೆಂಕಟರಮಣಪ್ಪ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಒಳಗೆ ಇಟ್ಟು ನಿಂತಿದ್ದಾನೆ — ಒಳಗೆ ಮಗಳು ಪವಿತ್ರ, ಐದು ವರ್ಷ, ಇವತ್ತು ಕಿವಿ ಚುಚ್ಚಬೇಕು, ಆಚಾರಿ ನೀಲಿ ಪೆನ್ನಿನಲ್ಲಿ ಎರಡೂ ಕಿವಿಗೆ ಚುಕ್ಕಿ ಇಟ್ಟಾಗಿದೆ, ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ, ಆದರೆ ಹೆಂಡತಿಯ ಅಣ್ಣ ಆವುಲಪ್ಪನಿಗೆ ಬರಬೇಡವೆಂದು ಫೋನು ಮಾಡಿದವನು ತಾನೇ. ಮಾಡದೆ ಏನು ಮಾಡುವುದು, ಇಬ್ಬರದೂ ಒಂದೇ ಪಕ್ಷ, ಒಂದೇ ಬಾವುಟ, ಆದರೂ ಹೋದ ತಿಂಗಳ ಸಭೆಯಲ್ಲಿ ಆವುಲಪ್ಪ ಎದ್ದು ಜಿಲ್ಲಾ ಕಾರ್ಯದರ್ಶಿಯ ಮುಖಕ್ಕೇ ಕೇಳಿಬಿಟ್ಟ, ಅಣ್ಣ, ಪೋಸ್ಟರ್ ಅಂಟ್ಸೋರು ನಾವು, ಸೀಟು ನಿಮ್ ಅಳಿಯಂದಿರ್ಗಾ, ಎಲ್ಲರೂ ನಕ್ಕರು, ವೆಂಕಟರಮಣಪ್ಪ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ, ಕೇಳಿದ್ದೇನೋ ಸರಿ, ಆದರೆ ಆಮೇಲೆ ಕಾರ್ಯದರ್ಶಿಗಳು ಇವನನ್ನು ಪಕ್ಕಕ್ಕೆ ಕರೆದು ಹೇಳಿದರಲ್ಲ, ಅವ್ನಿರೋ ಕಡೆ ನಾನ್ ಕಾಲಿಡಲ್ಲ ಕಣಯ್ಯಾ, ನಿನ್ ಕೌನ್ಸಿಲರ್ ಸೀಟು ನೀನೇ ಯೋಚ್ನೆ ಮಾಡ್ಕೋ. ಆವುಲಪ್ಪ ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ, ಆಯ್ತು ಬಾವಾ, ಕೂಸ್ಗೆ ನೋವಾಗ್ದಂಗೆ ನೋಡ್ಕೊ ಅಂದ, ಅಷ್ಟೇ.

ಅದು ಕಿವಿಗೆ ಬಿದ್ದಾಗಿನಿಂದ ಮೂರು ದಿನ ಹೆಂಡತಿ ಗಂಗಾದೇವಿಯದು ಮಾತಿಲ್ಲ, ಮುದ್ದೆ ಬಡಿಸುತ್ತಾಳೆ, ಎದ್ದು ಹೋಗುತ್ತಾಳೆ, ಮದುವೆಯಾದ ಹದಿನೈದು ವರ್ಷದಲ್ಲಿ ಇಷ್ಟು ಉದ್ದದ ಮೌನ ಕಂಡಿಲ್ಲ, ಚುಕ್ಕಿ ಬೆವರಿಗೆ ಅಳಿಸಿಹೋದೀತು ಎಂದು ಆಚಾರಿ ಗೊಣಗುತ್ತಾನೆ, ನಿನ್ನ ಚಿಕ್ಕಪ್ಪನ ಮಗ ಇದ್ದಾನಲ್ಲ, ಅವನೂ ಮಾವನೇ ತಾನೆ ಎಂದು ಇವನು ಹೆಂಡತಿಗೆ ಅಂದನೋ ಇಲ್ಲವೋ ಮೌನ ಒಡೆಯಿತು, ಅವನ್ಯಾಕೆ, ನಿಮ್ ಪಾರ್ಟಿ ತೊಡೆ ಮೇಲೇ ಕುಂಡ್ರಿಸ್ಕೊಳ್ಳಿ, ಅಗಲವಾಗೈತೆ! ಊಟದ ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು, ಆಚಾರಿಗೂ ಬಾ ಅಂದಳು, ಇವನ ಪಕ್ಕದಲ್ಲಿ ಒಂದು ಗಳಿಗೆ ನಿಂತು ದನಿ ತಗ್ಗಿಸಿ, ಮೂಕಂಡಪಲ್ಲಿಗೆ ಹೋಗ್ತೀನಿ, ನಮ್ಮಣ್ಣನ ಮನೇಲೇ ಚುಚ್ಚಿಸ್ತೀನಿ, ಬರೋದಾದ್ರೆ ಈಗ್ಲೇ ಬನ್ನಿ, ಆಮೇಲ್ ಬ್ಯಾಡ, ಅಂದವಳೇ ಹೊರಗೆ ನಿಂತಿದ್ದ ಆಟೋ ಹತ್ತಿದಳು. ಅದೇ ಹೊತ್ತಿಗೆ ಗೇಟಿನಲ್ಲಿ ಪಟಾಕಿ ಸರ ಸಿಡಿಯಿತು, ವಣಕ್ಕಂ ಅಣ್ಣೇ, ವಣಕ್ಕಂ, ಬಿಳಿ ಕಾರಿನ ಬಾಗಿಲು ತೆರೆಯಿತು, ಕಾರು ಎಡಕ್ಕೆ, ಆಟೋ ಬಲಕ್ಕೆ, ನಗುವ ಮುಖವೊಂದು ಶಾಲಿಗಾಗಿ ಆಗಲೇ ಕತ್ತು ಬಗ್ಗಿಸಿ ಬರುತ್ತಿದೆ, ಹಾಕಿಬಿಟ್ಟು ಓಡಿದರೆ ಆಟೋ ಸಿಕ್ಕೀತೇ, ಹಾಕದೆ ಓಡಿದರೆ — ಅಮ್ಮನ ಹೆಗಲ ಮೇಲಿಂದ ಪವಿತ್ರ ಅಪ್ಪನನ್ನೇ ನೋಡುತ್ತಿದ್ದಾಳೆ, ಆಟೋ ಅಲುಗಿತು, ಮಗುವಿನ ಕಿವಿಯಲ್ಲಿ ಆ ನೀಲಿ ಚುಕ್ಕಿ, ಇನ್ನೂ ಚುಚ್ಚದ ಚುಕ್ಕಿ, ಚುಕ್ಕಿ